ಹಳ್ಳದ ಎರಡೂ ದಂಡೆಯ ಗಾದೆಮ್ಮ

ಗಾದೆಮ್ಮನನ್ನು ನಾನು ಮೊದಲು ನೋಡಿದ್ದು ೧೯೮೭ರ ಜನವರಿಯಲ್ಲಿ, ಹುಣಸಿದಿನ್ನಿ ಶಾಲೆಯ ಜಗಲಿಯ ಮೇಲೆ. ಮಂಡಲ ಪಂಚಾಯಿತಿ ಚುನಾವಣೆಯ ಎಣಿಕೆ ಮುಗಿದಿತ್ತು. ಗೆದ್ದವರಿಗೆ ಹಾರ ಹಾಕಿ ಗುಲಾಲು ಎರಚುತ್ತಿದ್ದರು. ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಮಾತ್ರ ಕೊರಳಲ್ಲಿ ಚೆಂಡುಹೂವಿನ ಹಾರವಿಟ್ಟುಕೊಂಡೇ ಗೇಟಿನ ಕಡೆ ಸರಸರ ಹೊರಟಿದ್ದಳು. ‘ಕಾಗದಕ್ಕೆ ಸಹಿ ಮಾಡಿ ಹೋಗಬೇಕಮ್ಮ’ ಎಂದು ಕೂಗಿದೆ. ತಿರುಗಿ ಬಂದು ಹೆಬ್ಬೆರಳಿಗೆ ಮಸಿ ಹಚ್ಚಿಸಿಕೊಂಡು ಒತ್ತಿದಳು.

‘ಆತೇನ್ರಿ? ಕ್ಯಾಂಪಿನಾಗ ಒಬ್ಬಾಕಿಗೆ ಹೆರಿಗಿ ಬ್ಯಾನಿ ಸುರು ಆಗ್ಯಾವ. ನಾ ಹೋಗಾಕಬೇಕು.’

ಹಾರ ತೆಗೆದು ನನ್ನ ಮೇಜಿನ ಮೇಲಿಟ್ಟು ಹೋಗೇಬಿಟ್ಟಳು.

ನಾನು ಕುರುಗೋಡಿನವನು. ಹೊಸ ಮಂಡಲದ ಕಾರ್ಯದರ್ಶಿಯಾಗಿ ಅಲ್ಲಿಗೆ ಬಂದು ಆಗ ಒಂದು ತಿಂಗಳಾಗಿತ್ತು. ಅಲ್ಲಿಯವರೆಗೆ ಹುಣಸಿದಿನ್ನಿಗೇ ಒಂದು, ಬಸರಿಹಾಳಿಗೇ ಒಂದು ಪಂಚಾಯಿತಿ ಇತ್ತು. ಸರ್ಕಾರ ಅವನ್ನು ಮುಚ್ಚಿ, ಈ ಎರಡು ದೊಡ್ಡ ಊರು, ಪಕ್ಕದ ಎರಡು ಸಣ್ಣ ಹಳ್ಳಿ, ಆಂಧ್ರದಿಂದ ಬಂದ ರೈತರ ಒಂದು ಕ್ಯಾಂಪು, ಎಲ್ಲ ಸೇರಿಸಿ ಒಂದೇ ಮಂಡಲ ಮಾಡಿತು. ಕಾಗದದ ಮೇಲೆ ಸೇರಿಸುವುದು ಸುಲಭ. ಹುಣಸಿದಿನ್ನಿ ಸಿರಿಗೇರಿಯಿಂದ ಸಿರುಗುಪ್ಪಕ್ಕೆ ಹೋಗುವ ಡಾಂಬರು ರಸ್ತೆಯ ಮೇಲಿತ್ತು. ಬಸರಿಹಾಳು ಹಳ್ಳದ ಆಚೆ ದಂಡೆಯಲ್ಲಿತ್ತು. ನಡುವೆ ಸೇತುವೆ ಇರಲಿಲ್ಲ. ಮಳೆಗಾಲದಲ್ಲಿ ಆ ಊರಿಗೆ ಹೋಗಲು ದಾರಿಯೇ ಇರುತ್ತಿರಲಿಲ್ಲ. ಮಂಡಲದ ಹೆಸರೂ ಕಚೇರಿಯೂ ಹುಣಸಿದಿನ್ನಿಗೆ ಹೋದವೆಂದು ಬಸರಿಹಾಳಿನವರಿಗೆ ಹೊಟ್ಟೆಯುರಿ. ಪ್ರಧಾನನ ಕುರ್ಚಿಯಾದರೂ ನಮಗೇ ಬರಬೇಕೆಂದು ಅವರು ಹಟ ಹಿಡಿದಿದ್ದರು.

ಗಾದೆಮ್ಮ ಹುಟ್ಟಿದ್ದು ಬಸರಿಹಾಳಿನಲ್ಲಿ, ಕೊಟ್ಟದ್ದು ಹುಣಸಿದಿನ್ನಿಗೆ. ಗಂಡ ಅಂಜಿನಪ್ಪ ಬಂಡಿ ಹೊಡೆಯುತ್ತಿದ್ದ, ಮಾತು ಕಡಿಮೆ. ಅತ್ತೆ ಮೂಕಮ್ಮ ಸೂಲಗಿತ್ತಿ. ಕಣ್ಣು ಮಂಜಾದ ಮೇಲೆ ಸೊಸೆಯ ಕೈ ಹಿಡಿದು ಕರೆದೊಯ್ದು ಕೆಲಸ ಕಲಿಸಿದವಳು ಅವಳೇ. ಮುಂದೆ ಸಿರುಗುಪ್ಪದ ಆಸ್ಪತ್ರೆಯಲ್ಲಿ ಸೂಲಗಿತ್ತಿಯರಿಗೆ ತರಬೇತಿ ಕೊಟ್ಟಾಗ ಗಾದೆಮ್ಮನೂ ಹೋಗಿ ಕತ್ತರಿ, ದಾರ, ಸೋಪು ಇಟ್ಟ ಅಲ್ಯೂಮಿನಿಯಂ ಪೆಟ್ಟಿಗೆ ತಂದಳು. ಹಗಲು ಭತ್ತದ ಗದ್ದೆಯಲ್ಲಿ ನಾಟಿ, ಕರೆ ಬಂದರೆ ಹೆರಿಗೆ. ಇಪ್ಪತ್ತೈದು ವರ್ಷಗಳಲ್ಲಿ ಐದೂ ಊರಿನ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದ್ದವು. ಹೆಂಗಸರಿಗೆ ಮೀಸಲಿಟ್ಟ ಸೀಟು ಬಂದಾಗ ಯಾರನ್ನು ನಿಲ್ಲಿಸಬೇಕೆಂದು ಹುಣಸಿದಿನ್ನಿಯ ಗೌಡ ವಿರೂಪಾಕ್ಷಪ್ಪ ಹೆಚ್ಚು ಯೋಚಿಸಲಿಲ್ಲ. ‘ಗಾದೆಮ್ಮಗ ಬ್ಯಾಡ ಅನ್ನಾವ್ರು ಯಾರದಾರ?’ ಎಂದ. ಅವಳನ್ನು ಕೇಳಲೂ ಇಲ್ಲ. ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಂಡ, ಅಷ್ಟೆ.

ಮಂಡಲದ ಪ್ರಧಾನನನ್ನು ಕೈ ಎತ್ತಿ ಆರಿಸುವ ಸದಸ್ಯರು ಹದಿನೇಳು ಜನ. ವಿರೂಪಾಕ್ಷಪ್ಪನ ಕಡೆ ಒಂಬತ್ತು, ಬಸರಿಹಾಳಿನ ದೊಡ್ಡಬಸಪ್ಪನ ಕಡೆ ಎಂಟು. ಒಂದೇ ಒಂದು ಕೈಯ ಅಂತರ. ಪ್ರಧಾನನ ಆಯ್ಕೆಗೆ ಇನ್ನು ಐದು ದಿನವಿದೆ ಎನ್ನುವಾಗ ವಿರೂಪಾಕ್ಷಪ್ಪ ತನ್ನ ಕಡೆಯವರನ್ನೆಲ್ಲ ಮೆಟಡೋರ್ ಹತ್ತಿಸಿದ.

‘ಎರಡು ದಿನ ಬಳ್ಳಾರಿ ನೋಡಿ ಬರೋಣ ಬರ್ರಿ. ಗುಡ್ಡ ಹತ್ತೀರಂತ, ಸಿನಿಮಾ ನೋಡೀರಂತ.’

ಗಾದೆಮ್ಮ ಮೆಟಡೋರಿನ ಬಾಗಿಲಲ್ಲೇ ನಿಂತಳು. ‘ಗೌಡ್ರೆ, ನಾ ಒಲ್ಲೆ. ಬಸರಿಹಾಳಿನ ಪಾರಮ್ಮಗ ದಿನ ತುಂಬಾಕ ಬಂದಾವ.’

‘ಎಂದಿಗೆ?’

‘ಅಮಾಸಿ ಆದ ಮೂರು ದಿನಕ್ಕ.’

‘ಅಮಾಸಿ ಇನ್ನಾ ನಾಳಿಗೈತಿ. ಅಷ್ಟರಾಗ ನಾನ ತಂದು ಬಿಡ್ತೀನಿ. ಹತ್ತು.’

ಪಾರಮ್ಮನ ವಿಷಯ ಅವಳಿಗೆ ಬರೀ ಒಂದು ಹೆರಿಗೆಯ ಮಾತಾಗಿರಲಿಲ್ಲ. ಒಂದೂವರೆ ವರ್ಷದ ಹಿಂದೆ ಮಳೆಗಾಲದಲ್ಲಿ ಪಾರಮ್ಮನ ಚೊಚ್ಚಲ ಹೆರಿಗೆ. ಕರೆ ಬಂದ ಕೂಡಲೇ ಗಾದೆಮ್ಮ ಪೆಟ್ಟಿಗೆ ಹಿಡಿದು ಓಡಿದ್ದಳು. ಹಳ್ಳ ತುಂಬಿ ಹರಿಯುತ್ತಿತ್ತು. ಮೂರು ತಾಸು ಈಚೆ ದಂಡೆಯಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡಿದಳು. ನೀರು ಇಳಿದು ಆಚೆ ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು. ಪಾರಮ್ಮ ಅತ್ತಿರಲಿಲ್ಲ. ‘ಮುಂದಿನ ಸಲ ಮೊದಲ ಬಾರವ್ವ’ ಎಂದಷ್ಟೇ ಅಂದಿದ್ದಳಂತೆ. ಗಾದೆಮ್ಮ ಮಾತು ಕೊಟ್ಟಿದ್ದಳು.

ಬಳ್ಳಾರಿಯಲ್ಲಿ ಅವರನ್ನು ಇಳಿಸಿದ್ದು ಪಾರ್ವತಿನಗರದಲ್ಲಿ, ವಿರೂಪಾಕ್ಷಪ್ಪನ ಬೀಗರ ಮನೆಯಲ್ಲಿ. ಮಹಡಿ ಮನೆ, ಎತ್ತರದ ಕಾಂಪೌಂಡು, ಕಬ್ಬಿಣದ ಗೇಟು. ಗೇಟಿನ ಹತ್ತಿರ ಗೌಡನ ಕಡೆಯ ಇಬ್ಬರು ಸ್ಟೂಲು ಹಾಕಿಕೊಂಡು ಕೂತರು. ಮೊದಲ ದಿನ ಕೋಟೆಯ ಗುಡ್ಡ ದೂರದಿಂದ ತೋರಿಸಿದರು, ಸಿನಿಮಾಕ್ಕೂ ಕರೆದುಕೊಂಡು ಹೋದರು. ಎರಡನೆಯ ದಿನದಿಂದ ಗೇಟು ತೆರೆಯಲಿಲ್ಲ. ಗಂಡಸರು ಇಸ್ಪೀಟು ಹಿಡಿದು ಕೂತರು. ಇನ್ನಿಬ್ಬರು ಸದಸ್ಯೆಯರು ‘ಕೂತಲ್ಲಿಗೆ ಚಹಾ ಬರ್ತೈತಿ’ ಎಂದು ಕಾಲು ಚಾಚಿ ಮಲಗಿದರು.

ಗಾದೆಮ್ಮನಿಗೆ ಕೂರಲಾಗಲಿಲ್ಲ. ಹುಟ್ಟಿದಾಗಿನಿಂದ ಹಗಲು ಹೊತ್ತು ಸುಮ್ಮನೆ ಕೂತು ಗೊತ್ತಿಲ್ಲ. ಅಂಗಳದಿಂದ ಹಿತ್ತಲಿಗೆ, ಹಿತ್ತಲಿಂದ ಅಂಗಳಕ್ಕೆ ನಡೆದಳು. ಕಸ ಹೊಡೆದಳು. ಹೊಡೆದ ಕಸವನ್ನೇ ಮತ್ತೆ ಹೊಡೆದಳು. ಊಟದ ಹೊತ್ತಿಗೆ ಉಳಿದವರಿಗೆ ಪಡಸಾಲೆಯಲ್ಲಿ ತಾಟು ಇಟ್ಟರೆ, ಅವಳಿಗೆ ಹಿತ್ತಲ ಕಟ್ಟೆಯ ಮೇಲೆ ಬೇರೆ ತಾಟು. ಸದಸ್ಯೆಯಾದರೂ ಜಾತಿಯ ಗೆರೆ ಅಳಿಸಿರಲಿಲ್ಲ. ಅವಳು ಅದನ್ನು ನೋಡಿದಳು. ತಲೆ ತುಂಬ ಬೇರೆಯೇ ಲೆಕ್ಕ. ಅಮಾವಾಸ್ಯೆ ಬಂತು. ಪಾಡ್ಯವೂ ಕಳೆಯಿತು.

ಆ ಮನೆಯ ಯಜಮಾನಿ ದಾಕ್ಷಾಯಣಮ್ಮ. ತಾಟು ಬೇರೆ ಇಟ್ಟವಳೂ ಅವಳೇ, ಗಾದೆಮ್ಮನ ಕಾಲು ನಿಲ್ಲದಿರುವುದನ್ನು ಗಮನಿಸಿದವಳೂ ಅವಳೇ. ನಾಲ್ಕನೆಯ ದಿನ ಮುಂಜಾನೆ ಹಿತ್ತಲಲ್ಲಿ ತುಳಸಿಗೆ ನೀರು ಹಾಕುತ್ತ ಕೇಳಿದಳು.

‘ಏನಾಗೇತಿ ನಿನಗ? ಮೂರು ದಿನ ಆತು, ನೆಲ ಸವಸಾಕತ್ತೀಯಲ್ಲ.’

ಗಾದೆಮ್ಮ ಹೇಳಿದಳು. ಹಳ್ಳದ ದಂಡೆಯಲ್ಲಿ ನಿಂತ ಮೂರು ತಾಸಿನದೂ ಹೇಳಿದಳು. ದಾಕ್ಷಾಯಣಮ್ಮ ತಂಬಿಗೆ ಕೆಳಗಿಟ್ಟಳು.

‘ಗೌಡ್ರಿಗೆ ಹೇಳಿದೇನು?’

‘ಹೇಳಿದ್ನ್ರಿ. ಇವತ್ತು ಅಂತಾರ, ನಾಳಿ ಅಂತಾರ.’

ದಾಕ್ಷಾಯಣಮ್ಮ ಒಳಗೆ ಹೋದಳು. ಹೇಳಿ ತಪ್ಪು ಮಾಡಿದೆನೇ ಎಂದು ಗಾದೆಮ್ಮ ಮತ್ತೆ ಹಿತ್ತಲು ತಿರುಗತೊಡಗಿದಳು. ಸ್ವಲ್ಪ ಹೊತ್ತಿಗೆ ಆಕೆ ಕೀಲಿಕೈ ಹಿಡಿದು ಬಂದು ಹಿತ್ತಲ ಮೂಲೆಯ ಬಾಗಿಲು ತೆಗೆದಳು. ಅದು ಸಂದಿಗೆ ತೆರೆಯುತ್ತಿತ್ತು.

‘ಗೇಟಿನವರು ಚಹಾ ಕುಡಿಯಾಕ ಕುಂತಾರ. ಬಲಕ್ಕ ತಿರುಗು, ದೊಡ್ಡ ರಸ್ತೆ ಬರ್ತೈತಿ. ಬಸ್‌ಸ್ಟ್ಯಾಂಡು ಯಾರಿಗೆ ಕೇಳಿದ್ರೂ ಹೇಳ್ತಾರ. ನಾ ತೆಗದೆ ಅಂತ ಮಾತ್ರ ಹೇಳಬ್ಯಾಡ.’ ಬಸ್ಸಿಗೆಂದು ಕೈಯಲ್ಲೊಂದು ನೋಟು ತುರುಕಿದಳು.

ಗಾದೆಮ್ಮ ಚಪ್ಪಲಿ ಕೂಡ ಹಾಕಿಕೊಳ್ಳಲಿಲ್ಲ. ಚಪ್ಪಲಿ ಮುಂದಿನ ಬಾಗಿಲಲ್ಲಿದ್ದವು.

ಜಟಕಾ ಹೊಡೆಯುವ ಒಬ್ಬ ಸಾಬರು ಅವಳ ಅವಸರ ನೋಡಿ ‘ಬೈಠೋ ಅಮ್ಮಾ’ ಎಂದು ಬಸ್‌ಸ್ಟ್ಯಾಂಡಿಗೆ ಬಿಟ್ಟರು. ಕುರುಗೋಡಿನವರೆಗೆ ಬಸ್ಸು ಸಿಕ್ಕಿತು. ಅಲ್ಲಿ ಮುಂದಿನ ಬಸ್ಸಿನ ಚಕ್ರ ಬಿಚ್ಚಿ ಕೆಳಗಿಟ್ಟಿದ್ದರು. ‘ಎಷ್ಟೊತ್ತಾಗ್ತೈತಿ?’ ಎಂದು ಕಂಡಕ್ಟರನನ್ನು ಮೂರು ಸಲ ಕೇಳಿದಳು. ನಾಲ್ಕನೆಯ ಸಲ ಕೇಳದೆ ಸಿರಿಗೇರಿ ದಾರಿ ಹಿಡಿದು ನಡೆದೇಬಿಟ್ಟಳು.

ಒಂದು ಮೈಲಿ ಹೋಗಿರಬೇಕು, ಹಿಂದಿನಿಂದ ಬಂದ ಜೀಪು ಪಕ್ಕದಲ್ಲಿ ನಿಂತಿತು. ಓಡಿಸುತ್ತಿದ್ದವನು ಕೊಟ್ಟೂರಪ್ಪ, ದೊಡ್ಡಬಸಪ್ಪನ ತಮ್ಮನ ಮಗ.

‘ಗಾದೆಮ್ಮತ್ತಿ! ನಿನ್ನ ಬಳ್ಳಾರ್ಯಾಗ ಇಟ್ಟಾರ ಅಂದ್ರು. ತಪ್ಪಿಸ್ಕೊಂಡು ಬಂದೇನು?’

‘ಬಸರಿಹಾಳಿಗೆ ಹೋಗಬೇಕಪ. ಪಾರಮ್ಮಂದು ದಿನ ತುಂಬೇತಿ.’

‘ಹತ್ತು, ಹತ್ತು.’

ಅವನ ಮುಖದ ತುಂಬ ನಗು. ಅದು ಯಾವ ನಗು ಎಂದು ಗಾದೆಮ್ಮನಿಗೆ ತಿಳಿದದ್ದು ಸಿರಿಗೇರಿ ದಾಟಿದ ಮೇಲೆ. ಹಳ್ಳಕ್ಕೆ ಇಳಿಯುವ ಮಣ್ಣಿನ ದಾರಿ ಬಂದರೂ ಜೀಪು ತಿರುಗದೆ ನೆಟ್ಟಗೆ ಸಿರುಗುಪ್ಪದ ಕಡೆ ಓಡಿತು.

‘ಲೇ, ದಾರಿ ಬಿಟ್ಟೆಲ್ಲ!’

‘ಅತ್ತಿ, ನಮ್ಮ ಕಡ್ಯಾವ್ರೆಲ್ಲ ಸಿರುಗುಪ್ಪದಾಗ ಅದಾರ. ದೊಡ್ಡಪ್ಪನ್ನ ಒಂದ್ಸಲ ಕಂಡು ಬಿಡು. ಇನ್ನೆರಡ ದಿನ. ತವರುಮನಿ ಬಿಟ್ಟು ಆ ವಿರೂಪಾಕ್ಷಪ್ಪಗ ಕೈ ಎತ್ತತೀಯೇನು?’

ಒಂದು ಗೇಟಿನಿಂದ ಪಾರಾಗಿ ಇನ್ನೊಂದರೊಳಗೆ ಹೋಗುತ್ತಿದ್ದೇನೆಂದು ಅವಳಿಗೆ ಹೊಳೆಯಿತು. ಓಡುವ ಜೀಪಿನ ಅಂಚಿಗೆ ಸರಿದು ಒಂದು ಕಾಲು ಹೊರಗಿಟ್ಟಳು.

‘ಲೇ ಕೊಟ್ಟೂರ, ನಿನ್ನ ಹೊಕ್ಕಳ ಕೊಯ್ದಾಕಿ ನಾನು. ಹುಟ್ಟಿದಾಗ ನೀ ಅಳಲಿಲ್ಲ. ಕಾಲು ಹಿಡಿದು ತಲಿಕೆಳಗ ಮಾಡಿ ಕುಂಡಿ ಮ್ಯಾಲ ಬಡದು ಅಳಿಸೀನಿ. ಈಗ ತಿರುಗಿಸ್ತೀಯೋ, ನಾ ಜಿಗೀಲೋ?’

ಕೊಟ್ಟೂರಪ್ಪ ಅವಳ ಕಾಲು ನೋಡಿದ, ಮುಖ ನೋಡಿದ. ಬ್ರೇಕು ಒತ್ತಿದ. ಜೀಪು ತಿರುಗಿಸಿದ.

ಹಳ್ಳದಲ್ಲಿ ಗದ್ದೆಗಳಿಂದ ಬಸಿದ ಕಾಲುವೆ ನೀರು ಮೊಣಕಾಲಿನಷ್ಟು ಹರಿಯುತ್ತಿತ್ತು. ಇಬ್ಬರೇ ಇದ್ದ ಜೀಪು ಹೇಗೋ ದಾಟಿತು. ಪಾರಮ್ಮನ ಮನೆ ಮುಂದೆ ಹೆಂಗಸರು ಗುಂಪಾಗಿ ನಿಂತಿದ್ದರು. ಹಿಂದಿನ ದಿನ ಸಂಜೆಯಿಂದ ನೋವು. ಗಾದೆಮ್ಮನ ಪೆಟ್ಟಿಗೆ ಹುಣಸಿದಿನ್ನಿಯ ಮನೆಯಲ್ಲೇ ಉಳಿದಿತ್ತು. ಬಿಸಿನೀರು, ಸೋಪು ಕೇಳಿ ಕೈ ತೊಳೆದು ಒಳಗೆ ಹೋದಳು. ಹೊಟ್ಟೆ ಮುಟ್ಟಿ ನೋಡಿದಳು. ಪಾರಮ್ಮ ಕಣ್ಣು ತೆರೆದು ‘ಬಂದೇನವ್ವ’ ಎಂದಳು.

ಗಾದೆಮ್ಮ ಹೊರಗೆ ಬಂದು ಗಂಡಸರಿಗೆ ಹೇಳಿದಳು: ‘ಕೂಸು ಅಡ್ಡ ಬಿದ್ದೈತಿ. ಇದು ನನ್ನ ಕೈಲೆ ಆಗಾದಲ್ಲ. ಸಿರುಗುಪ್ಪಕ್ಕ ಒಯ್ಯಬೇಕು. ಈಗಿಂದೀಗ.’

ತನ್ನ ಕೈಲಿ ಆಗದು ಎಂದು ಒಪ್ಪಿಕೊಳ್ಳುವುದು ಎಷ್ಟು ಕಷ್ಟವಾಯಿತೆಂದು ಅವಳು ಮುಂದೆ ನನಗೆ ಹೇಳಿದ್ದುಂಟು. ಅತ್ತೆ ಮೂಕಮ್ಮನಾಗಿದ್ದರೆ ಎಣ್ಣೆ ಹಚ್ಚಿ ತಿಕ್ಕಿ ನೋಡುತ್ತಿದ್ದಳಂತೆ. ತರಬೇತಿಯಲ್ಲಿ ಡಾಕ್ಟರಮ್ಮ ಒಂದೇ ಮಾತನ್ನು ಹತ್ತು ಸಲ ಹೇಳಿದ್ದರು: ಅಡ್ಡ ಇದ್ದರೆ ಮುಟ್ಟಬೇಡ, ಕಳಿಸು.

ಜೀಪಿನ ಹಿಂದೆ ಕೌದಿ ಹಾಸಿ ಪಾರಮ್ಮನನ್ನು ಮಲಗಿಸಿದರು. ಗಂಡ, ಅತ್ತೆ, ಗಾದೆಮ್ಮ ಹತ್ತಿದರು. ಹಳ್ಳದ ನಡುವೆ ಬಂದಾಗ ಹಿಂದಿನ ಚಕ್ರಗಳು ಕೆಸರಿನಲ್ಲಿ ಹೂತವು. ಕೊಟ್ಟೂರಪ್ಪ ಎಂಜಿನ್ ಒದರಿಸಿದಷ್ಟೂ ಜೀಪು ಕೆಳಗಿಳಿಯಿತು.

ಈಚೆ ದಂಡೆಯ ಗದ್ದೆಗಳಲ್ಲಿ ಹುಣಸಿದಿನ್ನಿಯವರು ನಾಟಿ ಮಾಡುತ್ತಿದ್ದರು. ಸದ್ದು ಕೇಳಿ ಬದುವಿಗೆ ಬಂದು ನಿಂತರು. ಜೀಪು ಗುರುತು ಸಿಕ್ಕಿತು, ಜೀಪಿನಲ್ಲಿ ಗಾದೆಮ್ಮನೂ ಕಂಡಳು.

‘ಅದು ದೊಡ್ಡಬಸಪ್ಪನ ಜೀಪಲ್ಲೇನು? ಈಕಿ ಆ ಕಡಿ ಸೇರಿಬಿಟ್ಲು ನೋಡ್ರಲೆ’ ಎಂದು ಒಬ್ಬ ಕೂಗಿದ. ಯಾರೂ ಕೆಳಗಿಳಿಯಲಿಲ್ಲ.

ಗಾದೆಮ್ಮ ನೀರಿಗೆ ಹಾರಿದಳು. ಸೀರೆ ಎತ್ತಿ ಕಟ್ಟಿ ದಂಡೆಯ ಕಡೆ ನಡೆಯುತ್ತ ಕೂಗಿದಳು: ‘ಒಳಗ ಬಸುರಿ ಹೆಂಗಸು ಸಾಯಾಕತ್ತಾಳ! ಯಾವ ಕಡಿ ಅನ್ನಾದು ಆಮ್ಯಾಲ ಕೇಳ್ರಿ, ಈಗ ಬಂದು ಹಚ್ರಿ ಕೈ!’

ಆಗಲೂ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಹುಲ್ಲಿನ ಬಂಡಿ ಹೊಡೆದುಕೊಂಡು ಬರುತ್ತಿದ್ದ ಅಂಜಿನಪ್ಪ ಹೆಂಡತಿಯ ದನಿ ಕೇಳಿ ಬಂಡಿ ನಿಲ್ಲಿಸಿದ. ಏನು ಎತ್ತ ಎಂದು ಕೇಳಲಿಲ್ಲ. ಎತ್ತು ಬಿಚ್ಚಿ, ಬಂಡಿಯ ಹಗ್ಗ ಹೆಗಲಿಗೆ ಹಾಕಿಕೊಂಡು ನೀರಿಗಿಳಿದ. ಹಗ್ಗದ ಒಂದು ತುದಿ ಜೀಪಿಗೆ, ಇನ್ನೊಂದು ಎತ್ತಿನ ನೊಗಕ್ಕೆ ಕಟ್ಟಿದ. ಎರಡೆತ್ತಿಗೆ ಜೀಪು ಕದಲಲಿಲ್ಲ. ಆಗ ನಾಟಿ ಮಾಡುವ ಹೆಂಗಸರಲ್ಲಿ ಉಚ್ಚೆಂಗೆಮ್ಮ ಎಂಬಾಕೆ ಕೈಯಲ್ಲಿದ್ದ ಸಸಿಯ ಕಟ್ಟು ಬಿಸಾಡಿ ಇಳಿದಳು. ಅವಳ ಹಿಂದೆ ಹತ್ತು ಹೆಂಗಸರು ಇಳಿದರು. ಹೆಂಗಸರು ಇಳಿದ ಮೇಲೆ ಗಂಡಸರು ಬದುವಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತಾರೆ? ನಾಲ್ಕು ನೂಕಿಗೆ ಜೀಪು ಮೇಲೆ ಬಂತು.

ಸಿರುಗುಪ್ಪದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೂಸನ್ನು ತಿರುಗಿಸಿ ಹೊರಗೆ ತೆಗೆದರು. ಹೆಣ್ಣು. ಅತ್ತಿತು. ಪಾರಮ್ಮನಿಗೆ ರಕ್ತ ಬಹಳ ಹೋಗಿತ್ತು, ಹನ್ನೆರಡು ದಿನ ಅಲ್ಲೇ ಮಲಗಿದಳು. ‘ಇನ್ನೊಂದು ತಾಸು ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ’ ಎಂದರು ಡಾಕ್ಟರಮ್ಮ. ಆ ಮಾತು ಕೇಳಿದ ಮೇಲೆ ಗಾದೆಮ್ಮನಿಗೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಹಳ್ಳದ ದಂಡೆಯ ಆ ಮೂರು ತಾಸು ಮತ್ತೆ ಎದೆಯಲ್ಲಿ ತಿರುಗತೊಡಗಿತು.

ಮರುದಿನ ಮುಂಜಾನೆ ವಿರೂಪಾಕ್ಷಪ್ಪ ಬಳ್ಳಾರಿಯಿಂದ ನೇರ ಅವಳ ಮನೆ ಮುಂದೆ ಬಂದಿಳಿದ. ಆ ಓಣಿಗೆ ಅವನು ಕಾಲಿಟ್ಟದ್ದು ಚುನಾವಣೆಯ ನಂತರ ಅದೇ ಮೊದಲು.

‘ಮಾನ ಕಳದಿ ಗಾದೆಮ್ಮ. ಊರು ನಿನ್ನ ಆರಿಸಿ ಕಳಿಸ್ತು. ನೀ ಅವರ ಜೀಪಿನಾಗ ಮೆರದಿ.’

‘ಮೆರೀಲಿಲ್ರಿ ಗೌಡ್ರೆ, ಹೂತಿದ್ನಿ. ಹಳ್ಳಕ್ಕೊಂದು ಸೇತುವಿ ಮಾಡಸ್ತೀನಿ ಅನ್ರಿ. ಕಣ್ಣು ಮುಚ್ಚಿ ಕೈ ಎತ್ತತೀನಿ.’

‘ಮೊದಲ ಕೈ ಎತ್ತು. ಸೇತುವಿ ಬಸರಿಹಾಳಿನವರಿಗೆ ಬೇಕು, ನಮಗ್ಯಾಕ?’

ಮಧ್ಯಾಹ್ನ ದೊಡ್ಡಬಸಪ್ಪ ಕೊಟ್ಟೂರಪ್ಪನ ಕೈಲಿ ಹೇಳಿಕಳಿಸಿದ. ಜೀಪು ಯಾರದು ನೆನಪಿರಲಿ, ತವರು ಯಾವುದು ನೆನಪಿರಲಿ. ಸೇತುವೆಯ ಮಾತು ತೆಗೆದದ್ದಕ್ಕೆ ಕೊಟ್ಟೂರಪ್ಪ ತಲೆ ಕೆರೆದುಕೊಂಡ. ‘ದೊಡ್ಡಪ್ಪ ಗೆಲ್ಲಲಿ, ಆಮ್ಯಾಲ ಎಲ್ಲಾ ಆಗ್ತೈತಿ ಅತ್ತಿ.’

ಅವತ್ತು ಅವಳು ನಾಟಿಗೆ ಹೋಗಿ ಅರ್ಧಕ್ಕೆ ಎದ್ದು ಬಂದಳಂತೆ. ರೊಟ್ಟಿ ಬಡಿಯಲು ಕೂತು ಹಿಟ್ಟು ಬಿಟ್ಟು ಎದ್ದಳಂತೆ. ಅಂಜಿನಪ್ಪ ಕೊನೆಗೆ ಬಾಯಿ ಬಿಟ್ಟ.

‘ನಿನಗ ಯಾರು ಬೇಕೋ ಅವರಿಗೆ ಎತ್ತಿ ಬರಬಾರದಾ?’

‘ಅದ ತಿಳೀವಲ್ದಲ್ಲ.’

ಆಯ್ಕೆಯ ದಿನ ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ. ತಾಲೂಕಿನಿಂದ ಅಧಿಕಾರಿಯೊಬ್ಬರು ಬಂದಿದ್ದರು. ಕಿಟಕಿಗಳಲ್ಲೆಲ್ಲ ಎರಡೂ ಊರಿನ ಮುಖಗಳು. ಅಧಿಕಾರಿ ಹೆಸರು ಓದುವ ಮೊದಲೇ ಗಾದೆಮ್ಮ ಎದ್ದು ನಿಂತಳು.

‘ಸಾಹೇಬ್ರೆ, ಹಳ್ಳಕ್ಕ ಸೇತುವಿ ಬೇಕು ಅಂತ ಮೊದಲು ಬರಕೊಳ್ರಿ.’

ಕೋಣೆ ನಕ್ಕಿತು. ‘ಇವತ್ತಿನ ಸಭೆಯ ವಿಷಯ ಅದಲ್ಲಮ್ಮ. ಕೂತ್ಕೊಳ್ಳಿ’ ಎಂದರು ಅಧಿಕಾರಿ. ಕೂತಳು. ವಿರೂಪಾಕ್ಷಪ್ಪನ ಹೆಸರು ಕರೆದಾಗ ಎಂಟು ಕೈ ಎದ್ದವು. ಎಲ್ಲರ ಕಣ್ಣೂ ಅವಳ ಮೇಲೆ. ಅವಳ ಎರಡೂ ಕೈ ತೊಡೆಯ ಮೇಲೆ ಒಂದನ್ನೊಂದು ಹಿಸುಕುತ್ತಿದ್ದವು. ದೊಡ್ಡಬಸಪ್ಪನ ಹೆಸರು ಕರೆದಾಗಲೂ ಎಂಟೇ ಎದ್ದವು. ಅಧಿಕಾರಿ ಎರಡು ಸಲ ಕೇಳಿದರು. ಅವಳು ನೆಲ ನೋಡುತ್ತ ಕೂತಿದ್ದಳು. ನಡಾವಳಿ ಬರೆಯುತ್ತಿದ್ದ ನನಗೆ ಅವಳ ಉಸಿರು ಕೇಳಿಸುತ್ತಿತ್ತು.

ಸಮಸಮ ಬಂದದ್ದರಿಂದ ಚೀಟಿ ಎತ್ತಿದರು. ದೊಡ್ಡಬಸಪ್ಪನ ಹೆಸರು ಬಂತು.

ಗೆದ್ದವರು ‘ನಮಗೇನೂ ಕೈ ಎತ್ತಲಿಲ್ಲ’ ಎಂದರು. ಸೋತವರು ‘ಊರು ಮುಳುಗಿಸಿದಳು’ ಎಂದರು. ಹುಣಸಿದಿನ್ನಿಯಲ್ಲಿ ಅವಳನ್ನು ನಾಟಿಗೆ ಕರೆಯುವುದು ನಿಂತಿತು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಹೆರಿಗೆಗೂ ಕರೆಯದೆ ಬಿಟ್ಟದ್ದು. ಎರಡು ಓಣಿ ಆಚೆ ಹೆಂಗಸು ನರಳುವ ದನಿ ಕೇಳುತ್ತಿತ್ತು, ಕರೆ ಬರುತ್ತಿರಲಿಲ್ಲ. ಬಾಗಿಲಿಗೆ ಬಂದು ನಿಲ್ಲುವಳು, ಒಳಗೆ ಹೋಗುವಳು, ಮತ್ತೆ ಬರುವಳು. ಐದು ತಿಂಗಳು ಹೀಗೆ ಕಳೆಯಿತು. ಜೂನಿನಲ್ಲಿ ಉಚ್ಚೆಂಗೆಮ್ಮನ ಸೊಸೆಗೆ ನೋವು ಬಂದಾಗ, ‘ಯಾವ ಗೌಡ ಬಂದು ಕೂಸು ಹಿಡೀತಾನ?’ ಎಂದು ಬೈಯುತ್ತ ಉಚ್ಚೆಂಗೆಮ್ಮ ತಾನೇ ಬಂದು ಅವಳ ಕೈ ಹಿಡಿದು ಕರೆದುಕೊಂಡು ಹೋದಳು. ಆಮೇಲೆ ಒಬ್ಬೊಬ್ಬರೇ ಬಂದರು.

ಸೇತುವೆಯ ಮಾತನ್ನು ಅವಳು ಬಿಡಲಿಲ್ಲ. ಪ್ರತಿ ಸಭೆಯಲ್ಲೂ ಎದ್ದು ನಿಂತು ಅದೊಂದನ್ನೇ ಹೇಳುವಳು, ಹೇಳಿ ಹೊರಟುಬಿಡುವಳು. ದೊಡ್ಡಬಸಪ್ಪ ‘ಆಗಲಿ’ ಎನ್ನುತ್ತಿದ್ದ. ವಿರೂಪಾಕ್ಷಪ್ಪನ ಕಡೆಯವರು ಏಳು ಸಲ ಆಕ್ಷೇಪ ಬರೆಸಿದರು, ಏಳು ಸಲವೂ ದೊಡ್ಡಬಸಪ್ಪ ಅದನ್ನೇ ನೆಪ ಮಾಡಿ ಮತಕ್ಕೆ ಹಾಕದೆ ಮುಂದೂಡಿದ. ಎಂಟನೆಯ ಸಲ, ಆ ಕಡೆಯ ಇಬ್ಬರು ಸದಸ್ಯೆಯರು, ಬಳ್ಳಾರಿಯಲ್ಲಿ ಅವಳ ಜೊತೆ ಇದ್ದವರೇ, ಗೌಡನ ಮುಖ ನೋಡದೆ ಗಾದೆಮ್ಮನ ಮಾತಿಗೆ ಕೈ ಎತ್ತಿದರು. ಆ ದಿನ ಗೊತ್ತುವಳಿ ಬರೆಯುವಾಗ ನನ್ನ ಅಕ್ಷರಗಳು ದೊಡ್ಡವಾಗಿ ಬಂದಿವೆ.

ಒಂದು ಸಲ ಕಚೇರಿಯ ಮುಂದೆ ಬೇವಿನ ನೆರಳಿನಲ್ಲಿ ನಾನು ಕೇಳಿದೆ: ‘ಅವತ್ತು ಬೇಕಂತಲೇ ಕೈ ಎತ್ತಲಿಲ್ಲವೇನಮ್ಮ?’

‘ಎಲ್ಲಾರೂ ಧೈರ್ಯ ಅಂತಾರ ಈಗ. ನನಗ ಗೊತ್ತಿಲ್ಲಪ. ಕೈ ಏಳಲಿಲ್ಲ. ಅಂಜಿಕಿ ಇದ್ದರೂ ಇರಬೌದು. ಒಂದು ಎತ್ತಿದ್ರ ಹುಟ್ಟಿದ ಊರು ಹೋಗ್ತಿತ್ತು, ಇನ್ನೊಂದು ಎತ್ತಿದ್ರ ಕೊಟ್ಟ ಊರು.’

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಹಳ್ಳಕ್ಕೆ ಸೇತುವೆಯಾಯಿತು. ದೊಡ್ಡ ಸೇತುವೆಯೇನಲ್ಲ. ಆರು ಸಿಮೆಂಟು ಪೈಪು ಇಟ್ಟು ಮೇಲೆ ಕಲ್ಲು, ಕಾಂಕ್ರೀಟು ಹಾಕಿದ್ದು. ಉದ್ಘಾಟನೆಯ ದಿನ ಇಬ್ಬರು ಗೌಡರೂ ಅಕ್ಕಪಕ್ಕ ನಿಂತು ಹಾರ ಹಾಕಿಸಿಕೊಂಡರು. ಗಾದೆಮ್ಮ ಇರಲಿಲ್ಲ. ಕ್ಯಾಂಪಿನಲ್ಲಿ ಅವಳಿಜವಳಿ ಹೆರಿಗೆ ಎಂದು ಹೋಗಿದ್ದಳು.

ಆ ವರ್ಷ ಸೆಪ್ಟೆಂಬರಿನ ಮಳೆಗೆ ಬಸರಿಹಾಳಿನ ಕಡೆಯ ಎರಡು ಪೈಪು ಕಿತ್ತುಹೋದವು. ಮರುದಿನ ಬೆಳಿಗ್ಗೆ ನಾನು ಕಚೇರಿಯ ಬೀಗ ತೆಗೆಯಲು ಬರುವಷ್ಟರಲ್ಲಿ ಗಾದೆಮ್ಮ ಮೆಟ್ಟಿಲ ಹತ್ತಿರ ಅತ್ತಿಂದಿತ್ತ ಓಡಾಡುತ್ತಿದ್ದಳು. ಸೀರೆಯ ಅಂಚು ಕೆಸರಾಗಿತ್ತು.

‘ತಡಾ ಮಾಡಿದೆಪ ಸೆಕ್ರೆಟ್ರಿ. ಬರಕೋ. ಎರಡು ಪೈಪು ಹೋಗ್ಯಾವ, ನಾಕು ಅದಾವ. ಬಸರಿಹಾಳಿನಾಗ ಮೂರು ಮಂದಿ ತುಂಬಿದ ಬಸುರ್ಯಾರದಾರ.’

ನಾನು ಬೀಗ ತೆಗೆದು, ಕಾಗದ ಹುಡುಕಿ, ಬರೆಯತೊಡಗಿದೆ.